ಜೋಡಿ ಒನಕೆಯ ಎಂಜಿನ್ನು ಮತ್ತು ಹೆಸರಿನ ವಾರಸುದಾರರು

2025ರ ನವೆಂಬರಿನಲ್ಲಿ ಇಟಲಿಯ ಮಿಲಾನ್ ನಗರದ ಮೋಟಾರುಸೈಕಲ್ ಪ್ರದರ್ಶನದಲ್ಲಿ ನಾರ್ಟನ್ ಸಂಸ್ಥೆಯು ತನ್ನ ಹೊಸ ವಾಹನಗಳನ್ನು ಜಗತ್ತಿನ ಮುಂದಿಟ್ಟಿತು. ಅವುಗಳಲ್ಲೊಂದರ ಹೆಸರು ಅಟ್ಲಾಸ್. ಅದರ ಎಂಜಿನ್ನಿನಲ್ಲಿ ಎರಡು ಸಿಲಿಂಡರುಗಳು ಅವಳಿ ಮಕ್ಕಳಂತೆ ಪಕ್ಕಪಕ್ಕದಲ್ಲಿ ನಿಂತಿವೆ. ವಾರ್ತೆ ಇಷ್ಟೇ ಆಗಿದ್ದರೆ ಯಂತ್ರಪ್ರಿಯರ ಹೊರತು ಬೇರೆಯವರು ಅದಕ್ಕೆ ಕಿವಿಗೊಡಬೇಕಾದ ಅಗತ್ಯವಿರಲಿಲ್ಲ. ಆದರೆ ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಹುಟ್ಟಿದ ಈ ನಾರ್ಟನ್ನಿನ ಒಡೆಯರು ಈಗ ಹೊಸೂರಿನ ಟಿ.ವಿ.ಎಸ್. ಸಂಸ್ಥೆಯವರು. 2020ರ ಏಪ್ರಿಲಿನಲ್ಲಿ, ದಿವಾಳಿಯ ಹೊಸ್ತಿಲಲ್ಲಿ ನಿಂತಿದ್ದ ಆ ಹೆಸರನ್ನು 1 ಕೋಟಿ 60 ಲಕ್ಷ ಪೌಂಡುಗಳಿಗೆ ಅವರು ಕೊಂಡರು.

ಇದು ಒಂಟಿ ಪ್ರಸಂಗವಲ್ಲ. ರಾಯಲ್ ಎನ್‌ಫೀಲ್ಡ್ 1955ರಲ್ಲಿಯೇ ಮದರಾಸಿಗೆ ಬಂದು ಬೇರೂರಿತು. ತಾಯಿಬೇರು ಇಂಗ್ಲೆಂಡಿನಲ್ಲಿ ಒಣಗಿದ ಮೇಲೂ ಇಲ್ಲಿ ನೆಟ್ಟ ಕೊಂಬೆ ಚಿಗುರಿ ಮರವಾಯಿತು. ಬಿ.ಎಸ್.ಎ. ಎಂಬ ಹೆಸರು 2016ರಲ್ಲಿ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯ ಕೈಸೇರಿತು. ಟ್ರಯಂಫ್ ಮಾತ್ರ ಇಂದಿಗೂ ಆಂಗ್ಲರ ಒಡೆತನದಲ್ಲಿಯೇ ಇದೆ. ಆದರೂ ಅದರ ಚಿಕ್ಕ ಎಂಜಿನ್ನಿನ ವಾಹನಗಳು 2023ರಿಂದ ಪುಣೆಯ ಬಳಿಯ ಚಾಕಣದಲ್ಲಿ, ಬಜಾಜ್ ಸಂಸ್ಥೆಯ ಕಾರ್ಖಾನೆಯಲ್ಲಿ ಸಿದ್ಧವಾಗತೊಡಗಿದವು. ಒಂದು ಕಾಲದಲ್ಲಿ ಕಾವೆಂಟ್ರಿ, ಬರ್ಮಿಂಗ್‌ಹ್ಯಾಮ್, ರೆಡಿಚ್ ಎಂಬ ನೆರೆಹೊರೆಯ ಊರುಗಳಲ್ಲಿ ಬಾಳಿದ ನಾಲ್ಕು ಮನೆತನಗಳ ಜಾತಕವನ್ನು ಈಗ ಬಹುಮಟ್ಟಿಗೆ ಭಾರತದಲ್ಲಿ ಕುಳಿತು ಬರೆಯಲಾಗುತ್ತಿದೆ.

ಇದನ್ನು ಕಂಡು ಚರಿತ್ರೆಯ ಚಕ್ರ ತಿರುಗಿತೆಂದು ಹಿಗ್ಗುವವರಿದ್ದಾರೆ. ಆಳಿದವರ ಸೊತ್ತು ಆಳಿಸಿಕೊಂಡವರ ಪಾಲಾಯಿತೆಂಬ ಈ ಹಿಗ್ಗು ಸಹಜವಾದುದೇ. ಆದರೆ ಮನೆಯನ್ನು ಕೊಂಡವನು ಆ ಮನೆ ಏಕೆ ಹಾಳುಬಿದ್ದಿತ್ತೆಂಬುದನ್ನು ವಿಚಾರಿಸದೆ ಗೃಹಪ್ರವೇಶ ಮಾಡುವುದು ವಿವೇಕವಲ್ಲ. ಆ ವಿಚಾರಣೆಗೆ ದಾಖಲೆಪತ್ರಗಳಿಗಿಂತ ಉತ್ತಮವಾದ ಸಾಕ್ಷಿ ಯಂತ್ರವೇ. ಆ ಜೋಡಿ ಸಿಲಿಂಡರಿನ ಎಂಜಿನ್ನನ್ನು ಬಿಚ್ಚಿ ನೋಡಿದರೆ ಒಂದು ರಾಷ್ಟ್ರದ ಉದ್ಯಮದ ಏಳುಬೀಳುಗಳೆರಡೂ ಅದರೊಳಗೆ ಕಾಣಸಿಗುತ್ತವೆ.

ಟರ್ನರನ ಜಾಣ್ಮೆ

1936ರಲ್ಲಿ ಟ್ರಯಂಫ್ ಸಂಸ್ಥೆಯ ಮೋಟಾರುಸೈಕಲ್ ವಿಭಾಗ ಸೋತು ಮಾರಾಟಕ್ಕೆ ಬಂದಿತು. ಜಾಕ್ ಸ್ಯಾಂಗ್‌ಸ್ಟರ್ ಎಂಬ ಉದ್ಯಮಿ ಅದನ್ನು ಕೊಂಡು ಎಡ್ವರ್ಡ್ ಟರ್ನರ್ ಎಂಬ ವಿನ್ಯಾಸಕಾರನ ಕೈಗೆ ಒಪ್ಪಿಸಿದನು. ಮರುವರ್ಷವೇ ಸ್ಪೀಡ್ ಟ್ವಿನ್ ಹೊರಬಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಒಳ್ಳೆಯ ಮೋಟಾರುಸೈಕಲ್ಲೆಂದರೆ ಒಂದೇ ದೊಡ್ಡ ಸಿಲಿಂಡರಿನದು. ಎರಡು ಸಿಲಿಂಡರುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸುವ ಯೋಚನೆ ಹೊಸದಾಗಿರಲಿಲ್ಲ. ಅದೇ ಟ್ರಯಂಫಿನಲ್ಲಿ ವ್ಯಾಲ್ ಪೇಜ್ 1933ರಲ್ಲಿ ಅಂಥದೊಂದನ್ನು ಮಾಡಿದ್ದನು. ಆದರೆ ಅದು ಭಾರವಾಗಿತ್ತು, ದುಬಾರಿಯಾಗಿತ್ತು. ಜನ ಅದನ್ನು ಒಲಿಯಲಿಲ್ಲ.

ಟರ್ನರನ ಜಾಣ್ಮೆ ಇದ್ದುದು ಮಿತವ್ಯಯದಲ್ಲಿ. ಸಂಸ್ಥೆಯಲ್ಲಿ ಆಗಲೇ ತಯಾರಾಗುತ್ತಿದ್ದ 250 ಘನ ಸೆಂಟಿಮೀಟರಿನ ಒಂಟಿ ಎಂಜಿನ್ನಿನ ಅಳತೆಯನ್ನೇ ಅವನು ಹಿಡಿದನು. ಸಿಲಿಂಡರಿನ ಅಡ್ಡಗಲ 63 ಮಿಲಿಮೀಟರು, ಪಿಸ್ಟನ್ನಿನ ಓಟ 80 ಮಿಲಿಮೀಟರು. ಅಂಥ ಎರಡನ್ನು ಜೋಡಿಸಿದರೆ 498 ಘನ ಸೆಂಟಿಮೀಟರಾಯಿತು. ಹಾಗೆ ಜೋಡಿಸಿದ ಎಂಜಿನ್ನು ಒಂಟಿ ಸಿಲಿಂಡರಿನ ಟೈಗರ್ 90 ವಾಹನದ ಚೌಕಟ್ಟಿನಲ್ಲಿಯೇ ಕುಳಿತುಕೊಂಡಿತು. ಸಿಲಿಂಡರುಗಳ ಮುಂದೊಂದು ಹಿಂದೊಂದು ಕ್ಯಾಮ್ ದಂಡ. ಅವುಗಳಿಂದ ಕವಾಟಗಳಿಗೆ ಹೋಗುವ ಸರಳುಗಳನ್ನು ಮುಚ್ಚಿದ ಹೊಳೆಯುವ ನಳಿಕೆಗಳು. ಎರಡು ಪಿಸ್ಟನ್ನುಗಳ ನಡುವೆ ಒಂದೇ ತಿರುಗುಗಾಲಿ. ಶಕ್ತಿ ಸುಮಾರು 27 ಅಶ್ವಗಳಷ್ಟು. ವೇಗ ಗಂಟೆಗೆ 90 ಮೈಲಿಗಳನ್ನು ಮೀರಿತು. ನೋಡುವವರ ಕಣ್ಣಿಗೆ ಅದು ಎರಡು ಹೊಗೆಕೊಳವೆಗಳುಳ್ಳ ಒಂಟಿ ಎಂಜಿನ್ನಿನಂತೆಯೇ ಇತ್ತು. ಹೊಸದನ್ನು ಒಲ್ಲದ ಗ್ರಾಹಕನಿಗೆ ಹಳೆಯದರ ವೇಷದಲ್ಲಿಯೇ ಹೊಸದನ್ನು ಒಪ್ಪಿಸಿದ ಈ ಚಾತುರ್ಯ ಸಾಮಾನ್ಯವಾದುದಲ್ಲ.

1940ರ ನವೆಂಬರಿನ ಬಾಂಬು ದಾಳಿಯಲ್ಲಿ ಕಾವೆಂಟ್ರಿಯ ಕಾರ್ಖಾನೆ ನಾಶವಾಯಿತು. 1942ರಲ್ಲಿ ಸಮೀಪದ ಮೆರಿಡನ್ ಎಂಬ ಹಳ್ಳಿಯಲ್ಲಿ ಹೊಸ ಕಾರ್ಖಾನೆ ತೆರೆಯಿತು. ಯುದ್ಧ ಮುಗಿಯಿತೋ ಇಲ್ಲವೋ, ಬ್ರಿಟನ್ನಿನ ಪ್ರತಿಯೊಂದು ದೊಡ್ಡ ಸಂಸ್ಥೆಯೂ ಟರ್ನರನ ಹಾದಿ ಹಿಡಿಯಿತು. 1946ರಲ್ಲಿ ಬಿ.ಎಸ್.ಎ.ಯ ಎ7 ಬಂದಿತು. ಅದರ ಬೆನ್ನಿಗೇ ಬರ್ಟ್ ಹಾಪ್‌ವುಡ್ ರಚಿಸಿದ ನಾರ್ಟನ್ ಡಾಮಿನೇಟರ್ ಬಂದಿತು. ಅಮೆರಿಕದವರು ಹೆಚ್ಚಿನ ಶಕ್ತಿ ಬೇಡಿದರೆಂದು ಟ್ರಯಂಫ್ 1949ರಲ್ಲಿ 649 ಘನ ಸೆಂಟಿಮೀಟರಿನ ಥಂಡರ್‌ಬರ್ಡನ್ನು ಕೊಟ್ಟಿತು. 1953ರ ಹಾಲಿವುಡ್ ಚಿತ್ರ ‘ದಿ ವೈಲ್ಡ್ ಒನ್’ನಲ್ಲಿ ಮಾರ್ಲನ್ ಬ್ರ್ಯಾಂಡೊ ಏರಿದ್ದು ಈ ವಾಹನವನ್ನೇ. 1956ರಲ್ಲಿ ಅಮೆರಿಕದ ಬಾನೆವಿಲ್ ಉಪ್ಪುಬಯಲಿನಲ್ಲಿ ಜಾನಿ ಆಲನ್ ಟ್ರಯಂಫ್ ಎಂಜಿನ್ನಿನ ವಾಹನವೊಂದನ್ನು ಗಂಟೆಗೆ 214 ಮೈಲಿಗಳ ವೇಗದಲ್ಲಿ ಓಡಿಸಿದನು. ಆ ಬಯಲಿನ ಹೆಸರನ್ನೇ ಹೊತ್ತು, ಎರಡು ಕಾರ್ಬ್ಯುರೇಟರುಗಳನ್ನು ಧರಿಸಿ, 46 ಅಶ್ವಶಕ್ತಿಯ ಬಾನೆವಿಲ್ 1959ನೆಯ ಸಾಲಿಗೆ ಹೊರಬಂದಿತು.

ನಡುಕದ ಗಣಿತ

ಈ ಎಂಜಿನ್ನಿನ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು. ನಮ್ಮ ಹಳ್ಳಿಯ ಮನೆಗಳಲ್ಲಿ ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿ ಭತ್ತ ಕುಟ್ಟುವುದನ್ನು ಹಿರಿಯ ಓದುಗರು ಕಂಡಿರುತ್ತಾರೆ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯುತ್ತದೆ. ಆ ಕೆಲಸದ ಲಯವೇ ಅದು. ಇಬ್ಬರೂ ಎರಡೆರಡು ಒರಳಿಟ್ಟುಕೊಂಡು ಒಂದೇ ಗಳಿಗೆಗೆ ಎತ್ತಿ ಒಂದೇ ಗಳಿಗೆಗೆ ಕುಟ್ಟಿದರೆ ನೆಲ ಅದುರೀತು. ಟರ್ನರನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳೂ ಹೀಗೆ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ.

ಹಾಗಾದರೆ ಇದನ್ನು ಆರಿಸಿಕೊಂಡದ್ದೇಕೆ? ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನೊಳಗೆ ಇಂಧನ ಉರಿಯುವುದು ಕ್ರ್ಯಾಂಕ್ ದಂಡದ ಎರಡು ಸುತ್ತಿಗೊಮ್ಮೆ. ಎರಡು ಪಿಸ್ಟನ್ನುಗಳು ಜೊತೆಯಾಗಿ ಚಲಿಸಿದರೆ ಒಂದು ಸುತ್ತಿನಲ್ಲಿ ಒಂದು ಸಿಲಿಂಡರು, ಮುಂದಿನ ಸುತ್ತಿನಲ್ಲಿ ಇನ್ನೊಂದು ಸಿಲಿಂಡರು ಉರಿಯುತ್ತದೆ. ಸುತ್ತಿಗೊಂದರಂತೆ ಸಮನಾದ ಅಂತರದಲ್ಲಿ ಬಲ ದೊರೆಯುತ್ತದೆ. ಒಂದೇ ಕಾರ್ಬ್ಯುರೇಟರು ಎರಡಕ್ಕೂ ಸಮವಾಗಿ ಉಣಿಸಬಲ್ಲುದು. ಕಿಡಿಯ ಏರ್ಪಾಡು ಸರಳ, ನಾದ ಸೊಗಸು. ಪಿಸ್ಟನ್ನುಗಳನ್ನು ಎದುರುಬದುರಾಗಿ ಚಲಿಸುವಂತೆ ಮಾಡಿದ್ದರೆ ಏಳುಬೀಳುವ ತೂಕಗಳು ಪರಸ್ಪರ ಸರಿದೂಗುತ್ತಿದ್ದವು. ಆದರೆ ಹೊಡೆತಗಳ ನಡುವಣ ಕಾಲ ಏರುಪೇರಾಗಿ, ಎಂಜಿನ್ನು ಆಚೀಚೆ ತೊನೆಯುತ್ತಿತ್ತು. ಒಂದು ಸುಖಕ್ಕಾಗಿ ಇನ್ನೊಂದು ಕಷ್ಟವನ್ನು ಟರ್ನರ್ ತಿಳಿದೇ ಒಪ್ಪಿಕೊಂಡನು. 500 ಘನ ಸೆಂಟಿಮೀಟರಿನ, ಮಿತವೇಗದ ಎಂಜಿನ್ನಿಗೆ ಅದು ನ್ಯಾಯವಾದ ಒಪ್ಪಂದವಾಗಿತ್ತು.

ಕ್ರ್ಯಾಂಕ್ ದಂಡಕ್ಕೆ ಎದುರುತೂಕವಿಟ್ಟು ಈ ಅದುರನ್ನು ತಗ್ಗಿಸಬಹುದು, ಅಳಿಸಲಾಗದು. ಮೇಲುಕೆಳಗಿನ ಅದುರನ್ನು ತೂಕವಿಟ್ಟು ತಡೆದರೆ ಅದೇ ತೂಕ ಹಿಂದುಮುಂದಿನ ಅದುರನ್ನು ಹುಟ್ಟಿಸುತ್ತದೆ. ಇದಕ್ಕಿಂತ ಕಠಿನವಾದ ನಿಯಮ ಮತ್ತೊಂದಿದೆ. ತಿರುಗುವ ವೇಗ ಇಮ್ಮಡಿಯಾದರೆ ಅದುರಿಸುವ ಬಲ ನಾಲ್ಮಡಿಯಾಗುತ್ತದೆ. ಪಿಸ್ಟನ್ನು ದೊಡ್ಡದಾಗಿ ಅದರ ತೂಕ ಹೆಚ್ಚಿದಷ್ಟೂ ಅದು ಏರುತ್ತದೆ. 1937ರ ಒಪ್ಪಂದಕ್ಕೆ ಒಂದು ಎಲ್ಲೆ ಇತ್ತೆಂಬುದೇ ಇದರ ಅರ್ಥ. ಆ ಎಲ್ಲೆಯನ್ನು ದಾಟಿದವರು ಗಣಿತಕ್ಕೆ ದಂಡ ತೆರಲೇಬೇಕಾಗಿತ್ತು.

ಗೆಲವೇ ಸೆರೆಯಾದ ಬಗೆ

ದಂಡ ತೆರುವ ಕಾಲ ಬೇಗನೆ ಬಂದಿತು. ನಾರ್ಟನ್ನಿನ ಜೋಡಿ ಎಂಜಿನ್ನಿನ ಗಾತ್ರಗಳನ್ನು ಸಾಲಾಗಿ ಬರೆದರೆ ಸಾಕು, ಬೇರೆ ವ್ಯಾಖ್ಯಾನ ಬೇಡ: 497, 596, 646, 745, 828. ಒಂದೇ ಅಂಗಿಯನ್ನು ಬೆಳೆಯುವ ಹುಡುಗನಿಗೆ ವರ್ಷವರ್ಷವೂ ಹೊಲಿಗೆ ಬಿಚ್ಚಿ ಹಿಗ್ಗಿಸಿದಂತೆ ಒಂದೇ ವಿನ್ಯಾಸವನ್ನು ಎಳೆದರು. 1962ರಲ್ಲಿ ಬಂದ 745ರ ಹೆಸರು ಅಟ್ಲಾಸ್. ಅದರ ನಡುಕ ಸವಾರರಲ್ಲಿ ಗಾದೆಯಾಯಿತು. ಇಂದಿನ ಹೊಸ ವಾಹನಕ್ಕೂ ಅದೇ ಹೆಸರನ್ನು ಆರಿಸಿದವರಿಗೆ ಈ ಪೂರ್ವಕಥೆ ಗೊತ್ತಿರಲೇಬೇಕು. ನಡುಕಕ್ಕೆ ಮದ್ದೆಂದು 1967ರ ಕಮಾಂಡೋದಲ್ಲಿ ಎಂಜಿನ್ನು, ಗೇರುಪೆಟ್ಟಿಗೆ, ಹಿಂಗಾಲಿಯ ತೋಳು ಇವೆಲ್ಲವನ್ನೂ ಒಂದು ಗಂಟು ಮಾಡಿ, ರಬ್ಬರಿನ ಮೆತ್ತೆಗಳ ಮೇಲೆ ಚೌಕಟ್ಟಿನೊಳಗೆ ತೂಗಿಬಿಟ್ಟರು. ಉಪಾಯ ನಿಜಕ್ಕೂ ಚತುರವಾದುದು. ಸವಾರನ ಕೈಕಾಲುಗಳಿಗೆ ನೆಮ್ಮದಿ ದೊರೆಯಿತು. ಆದರೆ ಎಂಜಿನ್ನು ಒಳಗೆ ಮೊದಲಿನಂತೆಯೇ ನಡುಗುತ್ತಿತ್ತು. ರೋಗವನ್ನು ಬಿಟ್ಟು ನರಳಾಟವನ್ನು ಮಾತ್ರ ವಾಸಿಮಾಡಿದ ಚಿಕಿತ್ಸೆ ಅದು.

ಎಣ್ಣೆ ಸೋರುವ ಕಥೆಯೂ ಇಂಥದೇ. ಬ್ರಿಟಿಷ್ ಎಂಜಿನ್ನಿನ ಕೆಳಪೆಟ್ಟಿಗೆಯನ್ನು ಹಲಸಿನ ಹಣ್ಣು ಸೀಳಿದಂತೆ ಉದ್ದುದ್ದ ಎರಡು ಹೋಳುಗಳಾಗಿ ಮಾಡುತ್ತಿದ್ದರು. ಎಣ್ಣೆ ಇಳಿದು ನಿಲ್ಲುವ ತಳದಲ್ಲಿಯೇ ಬೆಸುಗೆಯಿಲ್ಲದ ಸಂದು. ಜಪಾನಿನ ಹೋಂಡಾ ಅದನ್ನು ಡಬ್ಬಿಯ ಮುಚ್ಚಳದಂತೆ ಅಡ್ಡಡ್ಡವಾಗಿ ಸೀಳಿತು. ಸಂದು ಎಣ್ಣೆಯ ಮಟ್ಟಕ್ಕಿಂತ ಮೇಲೆ ಬಂದಿತು. ಇದನ್ನು ಮಾಡಲು ಬ್ರಿಟಿಷ್ ಎಂಜಿನಿಯರುಗಳಿಗೆ ಬುದ್ಧಿಯಿರಲಿಲ್ಲವೆಂದಲ್ಲ. ಅಂಥ ಎರಕಕ್ಕೆ, ಅಂಥ ಸೂಕ್ಷ್ಮ ಕಡೆತಕ್ಕೆ ಹೊಸ ಯಂತ್ರಗಳು ಬೇಕಾಗಿದ್ದವು. ಆ ಯಂತ್ರಗಳಿಗೆ ಹಣ ಸುರಿಯಲು ಒಡೆಯರಿಗೆ ಮನಸ್ಸಿರಲಿಲ್ಲ. ಇದ್ದುದೇ ಮಾರಾಟವಾಗುತ್ತಿರುವಾಗ ಹೊಸದೇಕೆ ಎಂಬ ಪ್ರಶ್ನೆಗೆ ಲೆಕ್ಕಪತ್ರಗಳಲ್ಲಿ ಉತ್ತರವಿರುವುದಿಲ್ಲ.

ಎಚ್ಚರಿಸಿದವರು ಇರಲಿಲ್ಲವೆ? ಇದ್ದರು. ಸ್ವತಃ ಟರ್ನರನೇ 1960ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಕಾರ್ಖಾನೆಗಳನ್ನು ಕಂಡು ವರದಿ ಬರೆದನು. 1965ರಲ್ಲಿ ಹೋಂಡಾ 450 ಘನ ಸೆಂಟಿಮೀಟರಿನ ಜೋಡಿ ಎಂಜಿನ್ನನ್ನೇ, ಕ್ಯಾಮ್ ದಂಡಗಳನ್ನು ಶಿರದ ಮೇಲೇರಿಸಿ, ಮಾರುಕಟ್ಟೆಗೆ ತಂದಿತು. 1969ರಲ್ಲಿ ನಾಲ್ಕು ಸಿಲಿಂಡರಿನ ಹೋಂಡಾ 750 ಬಂದಿತು. ಗುಂಡಿಯೊತ್ತಿದರೆ ಹೊರಡುವ, ಮುಂಗಾಲಿಗೆ ಡಿಸ್ಕ್ ಬ್ರೇಕಿರುವ, ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಕಲೆ ಬಿಡದ ವಾಹನ ಅದು. ಟ್ರಯಂಫ್, ಬಿ.ಎಸ್.ಎ.ಗಳು ಮೂರು ಸಿಲಿಂಡರಿನ ವಾಹನವನ್ನು ಅದಕ್ಕಿಂತ ಕೊಂಚ ಮೊದಲೇ ಹೊರತಂದಿದ್ದವೆಂಬುದು ನಿಜ. ಆದರೆ ಅದು ಹಳೆಯ ಜೋಡಿಗೆ ಇನ್ನೊಂದು ಸಿಲಿಂಡರನ್ನು ಸೇರಿಸಿದ ರಚನೆ. ವರ್ಷಗಳ ಹಿಂದೆಯೇ ಚಿಂತಿಸಿದ್ದು ತಡವಾಗಿ ಕೈಗೂಡಿತ್ತು.

1975ರಲ್ಲಿ ಬ್ರಿಟಿಷ್ ಸರ್ಕಾರಕ್ಕಾಗಿ ಅಮೆರಿಕದ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಸಿದ್ಧಪಡಿಸಿದ ವರದಿ ಈ ಸೋಲಿನ ಶವಪರೀಕ್ಷೆಯೆಂದೇ ಪ್ರಸಿದ್ಧವಾಗಿದೆ. ಜಪಾನೀಯರು ಚಿಕ್ಕ ವಾಹನಗಳಲ್ಲಿ ಸ್ಪರ್ಧೆಗಿಳಿದಾಗ ಆಂಗ್ಲರು ಲಾಭ ಕಡಿಮೆಯೆಂದು ಆ ವರ್ಗವನ್ನು ಬಿಟ್ಟುಕೊಟ್ಟರು. ಮೇಲಿನ ವರ್ಗಕ್ಕೆ ಅವರು ಬಂದಾಗ ಅದನ್ನೂ ಬಿಟ್ಟುಕೊಟ್ಟರು. ಕೋಟೆಯ ಹೊರಗೋಡೆಗಳನ್ನು ಒಂದೊಂದಾಗಿ ಒಪ್ಪಿಸುತ್ತ ಹಿಂದೆ ಸರಿದವರಿಗೆ ಕೊನೆಗೆ ಉಳಿದದ್ದು ಗರ್ಭಗುಡಿ ಮಾತ್ರ. ಅಲ್ಲಿಯ ಮೂರ್ತಿಯೋ 1937ರದು. ಕಾರ್ಮಿಕರ ಮುಷ್ಕರಗಳನ್ನೇ ಈ ಪತನಕ್ಕೆ ಹೊಣೆಮಾಡುವ ವಾಡಿಕೆಯಿದೆ. ವಿನ್ಯಾಸ ಮಾಡುವವನೂ ಬಂಡವಾಳ ಹೂಡುವವನೂ ನಿದ್ರಿಸಿದ ಮನೆಯಲ್ಲಿ ಕೂಲಿಯವನೊಬ್ಬನನ್ನೇ ದೂರುವುದು ಅರ್ಧಸತ್ಯವೆಂದು ಈ ವರದಿಯನ್ನು ಓದಿದವರಿಗೆ ತೋರದಿರದು.

ಮೆರಿಡನ್ ಮತ್ತು ಮೈಸೂರು

1973ರಲ್ಲಿ ಬಿ.ಎಸ್.ಎ. ಕುಸಿದು, ಅದರ ಅಂಗವಾಗಿದ್ದ ಟ್ರಯಂಫ್ ಸರ್ಕಾರದ ನೆರವಿನಿಂದ ನಾರ್ಟನ್ನಿನ ಒಡೆಯರ ಕೈಸೇರಿತು. ಮೆರಿಡನ್ನನ್ನು ಮುಚ್ಚುವುದಾಗಿ ಆ ವರ್ಷದ ಸೆಪ್ಟೆಂಬರಿನಲ್ಲಿ ಅವರು ಸಾರಿದರು. ಕೆಲಸಗಾರರು ಗೇಟುಗಳನ್ನು ಹಿಡಿದು ಕುಳಿತರು. ಒಂದೂವರೆ ವರ್ಷದ ಸತ್ಯಾಗ್ರಹಸದೃಶವಾದ ಆ ಹೋರಾಟದ ಫಲವಾಗಿ, ಟೋನಿ ಬೆನ್ ಉದ್ಯಮ ಸಚಿವರಾಗಿದ್ದಾಗ, 1975ರ ಮಾರ್ಚಿನಲ್ಲಿ ಕಾರ್ಖಾನೆ ಕಾರ್ಮಿಕರ ಸಹಕಾರ ಸಂಘವಾಗಿ ಪುನಃ ತೆರೆಯಿತು. ಸರ್ಕಾರ ಸುಮಾರು 50 ಲಕ್ಷ ಪೌಂಡುಗಳನ್ನು ಸಾಲವಾಗಿಯೂ ಸಹಾಯವಾಗಿಯೂ ಕೊಟ್ಟಿತು. ಎಲ್ಲರಿಗೂ ಒಂದೇ ಸಮನಾದ ಕೂಲಿ. ಅವರ ಕೈಯಲ್ಲಿದ್ದುದು ಮಾತ್ರ ಒಂದೇ ವಾಹನ, ಅದೇ ಬಾನೆವಿಲ್, 744 ಘನ ಸೆಂಟಿಮೀಟರುಗಳಿಗೆ ಹಿಗ್ಗಿಸಿದ್ದು. ನಿಷ್ಠೆಯಿಂದ, ಹೆಮ್ಮೆಯಿಂದ ಅದನ್ನು ಅವರು ಎಂಟು ವರ್ಷ ಮಾಡಿದರು. 1983ರಲ್ಲಿ ಸಂಘ ಮುಳುಗಿತು. ಕಾರ್ಖಾನೆಯನ್ನು ಕೆಡವಿ ಆ ನೆಲದಲ್ಲಿ ಮನೆಗಳನ್ನು ಕಟ್ಟಿದರು. ಅಲ್ಲಿಯ ಬೀದಿಯೊಂದಕ್ಕೆ ಬಾನೆವಿಲ್ ಎಂದು ಹೆಸರಿಟ್ಟರು.

ಈ ಚಿತ್ರ ಮೈಸೂರಿನವರಿಗೆ ಅಪರಿಚಿತವಲ್ಲ. 1961ರಲ್ಲಿ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. ಜೆಕ್ ದೇಶದ ಜಾವಾ ಇಲ್ಲಿ ಯೆಜ್ದಿಯಾಯಿತು. ಎರಡು ಹೊಡೆತಗಳ ಆ ಎಂಜಿನ್ನಿನ ನಾದ ಒಂದು ತಲೆಮಾರಿನ ಕಾಲೇಜು ದಿನಗಳ ಹಿನ್ನೆಲೆ ಸಂಗೀತವಾಗಿತ್ತು. ಅಲ್ಲಿಯೂ ಮೂಲ ವಿನ್ಯಾಸ ನಿಂತಲ್ಲೇ ನಿಂತಿತು; ಹಗುರವಾದ, ಇಂಧನ ಉಳಿಸುವ ಜಪಾನೀ ವಾಹನಗಳು ಬಂದವು; 1996ರಲ್ಲಿ ಬಾಗಿಲು ಮುಚ್ಚಿತು. ಬಿ.ಎಸ್.ಎ.ಯನ್ನು ಕೊಂಡ ಸಂಸ್ಥೆಯೇ ಜಾವಾ, ಯೆಜ್ದಿಗಳ ಹೆಸರನ್ನೂ ಮತ್ತೆ ಬೀದಿಗೆ ತಂದಿತು. ಆದರೆ ಅವು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯೆಜ್ದಿ ಎಂಬ ಹೆಸರು ಯಾರ ಸೊತ್ತೆಂಬ ವಿವಾದ ಕರ್ನಾಟಕದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸತ್ತ ಕಾರ್ಖಾನೆಯ ಹೆಸರಿಗೆ ಬೆಲೆಯಿದೆ, ಅಲ್ಲಿ ದುಡಿದ ಕೈಗಳ ಕುಶಲತೆಗೆ ಇರಲಿಲ್ಲ: ಮೆರಿಡನ್ ಹೇಳುವುದೂ ಇದನ್ನೇ, ಮೈಸೂರು ಹೇಳುವುದೂ ಇದನ್ನೇ.

ನಮ್ಮ ಪಾಲಿಗೆ ಬಂದದ್ದು

ಹಾಗೆಂದು ಹಳೆಯದನ್ನು ಎತ್ತಿಕೊಂಡವರೆಲ್ಲ ಹೆಣಕ್ಕೆ ಶೃಂಗಾರ ಮಾಡಿದವರೆಂದರೆ ಅನ್ಯಾಯವಾದೀತು. ಟ್ರಯಂಫ್ ಹೆಸರನ್ನು 1983ರಲ್ಲಿ ಕೊಂಡ ಜಾನ್ ಬ್ಲೂರ್ ಹಳೆಯ ವಿನ್ಯಾಸವನ್ನು ಆತುರದಿಂದ ಮರುಮುದ್ರಿಸಲಿಲ್ಲ. ಹಿಂಕ್ಲಿಯಲ್ಲಿ ಹೊಸ ಕಾರ್ಖಾನೆ ಕಟ್ಟಿ, ಪೂರ್ತಿ ಹೊಸ ಎಂಜಿನ್ನುಗಳಿಂದ ಕಾಲೂರಿ, ಬಳಿಕವೇ 2001ರ ಸಾಲಿಗೆ ಬಾನೆವಿಲ್ಲನ್ನು ಕರೆತಂದರು. 2018ರಲ್ಲಿ ಮಾರುಕಟ್ಟೆಗೆ ಬಂದ ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್ ಇನ್ನೂ ಒಳ್ಳೆಯ ನಿದರ್ಶನ. ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿಯೂ ಚೆನ್ನೈಯಲ್ಲಿಯೂ ಇರುವ ಅದರ ವಿನ್ಯಾಸಶಾಲೆಗಳಲ್ಲಿ ರೂಪುಗೊಂಡ 648 ಘನ ಸೆಂಟಿಮೀಟರಿನ ಆ ಎಂಜಿನ್ನು ಹೊರಗಿನಿಂದ ಅರವತ್ತರ ದಶಕದ್ದೆಂಬಂತೆ ತೋರುತ್ತದೆ. ಒಳಗೆ ಪಿಸ್ಟನ್ನುಗಳು ಜೊತೆಯಾಗಿ ಏಳುವುದಿಲ್ಲ. ಕ್ರ್ಯಾಂಕನ್ನು 270 ಅಂಶಗಳ ಅಂತರದಲ್ಲಿ ತಿರುಚಲಾಗಿದೆ. ಒಂದು ಪಿಸ್ಟನ್ನು ತುದಿಯಲ್ಲಿ ಗಳಿಗೆ ನಿಂತಾಗ ಇನ್ನೊಂದು ತನ್ನ ಹೆಚ್ಚಿನ ವೇಗದ ಸಮೀಪದಲ್ಲಿರುತ್ತದೆ. ಉಳಿದ ಅದುರನ್ನು ಎದುರು ತಿರುಗುವ ತೂಕದಂಡವೊಂದು ನುಂಗುತ್ತದೆ. ಒನಕೆಗಳು ಕೊನೆಗೂ ಸರದಿಯನ್ನು ಕಲಿತವು. ಹಿರಿಯರ ಮುಖವನ್ನುಳಿಸಿಕೊಂಡು ಹಿರಿಯರ ತಪ್ಪನ್ನು ತಿದ್ದುವುದೇ ಆಸ್ತಿಯನ್ನು ನಿಜವಾಗಿ ಪಡೆದ ಬಗೆ.

ಆದರೂ ಎರಡು ಮಾತುಗಳನ್ನು ಹೇಳಬೇಕಾಗಿದೆ. 2025ರ ಸೆಪ್ಟೆಂಬರ್ 22ರಿಂದ ನಮ್ಮ ಸರಕು ಮತ್ತು ಸೇವಾ ತೆರಿಗೆಯಲ್ಲಿ 350 ಘನ ಸೆಂಟಿಮೀಟರಿನ ಒಳಗಿನ ಮೋಟಾರುಸೈಕಲ್ಲುಗಳ ದರ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ದೊಡ್ಡವುಗಳ ಮೇಲೆ ಶೇಕಡಾ 40 ಬಿದ್ದಿತು. ಜನಸಾಮಾನ್ಯರ ವಾಹನ ಅಗ್ಗವಾದದ್ದು ಸ್ವಾಗತಾರ್ಹ. ಆದರೆ ಲೋಕದ ಮಾರುಕಟ್ಟೆಯಲ್ಲಿ ನಿಲ್ಲಬಲ್ಲ ಜೋಡಿ ಎಂಜಿನ್ನನ್ನು ನಮ್ಮವರೇ ಕಟ್ಟುತ್ತಿರುವಾಗ, ಅದನ್ನು ಭೋಗವಸ್ತುವೆಂದು ಬಗೆದು ಮನೆಯ ಮಾರುಕಟ್ಟೆಯನ್ನೇ ಅದಕ್ಕೆ ಕಿರಿದುಮಾಡುವುದು ವಿಚಾರಾರ್ಹ. ಹೋಂಡಾ ಚಿಕ್ಕದರಿಂದ ದೊಡ್ಡದಕ್ಕೆ ಏರಿತು. ಚಿಕ್ಕ ವಾಹನಗಳಲ್ಲಿ ನಮ್ಮ ಬಲವೇನು ಕಡಿಮೆಯಲ್ಲ. ಏಣಿಯ ಮೇಲಿನ ಮೆಟ್ಟಿಲುಗಳನ್ನು ನಾವೇ ಕಿತ್ತುಕೊಳ್ಳಬಾರದಷ್ಟೆ.

ಎರಡನೆಯದು ಇದಕ್ಕಿಂತ ದೊಡ್ಡ ಮಾತು. ವಿದ್ಯುತ್ತಿನಿಂದ ಓಡುವ ವಾಹನಗಳು ನಮ್ಮ ಬೀದಿಗಳಿಗೆ ಆಗಲೇ ಬಂದಿವೆ. ಅವುಗಳಲ್ಲಿ ಪಿಸ್ಟನ್ನಿಲ್ಲ, ಏಳುಬೀಳಿಲ್ಲ, ನಾದವಿಲ್ಲ. ಇಂಥ ಹೊತ್ತಿನಲ್ಲಿ ನಾಲ್ಕು ಪ್ರಾಚೀನ ಹೆಸರುಗಳ ಮೇಲೆ ನಮ್ಮ ಬಂಡವಾಳವೂ ಬುದ್ಧಿಯೂ ಹರಿಯುತ್ತಿವೆ. ಹಳಮೆಯ ಹಂಬಲವನ್ನು ಮಾರುವುದು ತಪ್ಪಲ್ಲ. ಅದನ್ನೇ ಉಂಡು ಬದುಕಬಹುದೆಂದು ನಂಬುವುದು ತಪ್ಪು. 1959ರಲ್ಲಿ ಬಾನೆವಿಲ್ಲಿಗಾಗಿ ಅಮೆರಿಕದ ಗ್ರಾಹಕರು ಕಾದಿದ್ದಾಗ ಮೆರಿಡನ್ನಿನ ಒಡೆಯರಿಗೂ ಹೀಗೆಯೇ ತೋರಿತ್ತು.

ಟರ್ನರನಿಂದ ನಾವು ಪಡೆಯಬೇಕಾದದ್ದು ಹೊಳೆಯುವ ನಳಿಕೆಗಳನ್ನಲ್ಲ. ಎಲ್ಲರೂ ಒಂಟಿ ಸಿಲಿಂಡರಿಗೆ ಜೋತುಬಿದ್ದಿದ್ದಾಗ, ಮುಳುಗುತ್ತಿದ್ದ ಸಂಸ್ಥೆಯಲ್ಲಿ ಕುಳಿತು, ಇದ್ದ ಸಾಮಗ್ರಿಯಿಂದಲೇ ಇಲ್ಲದ್ದನ್ನು ಕಟ್ಟಿದ 1937ರ ಆ ಧೈರ್ಯವನ್ನು ಪಡೆಯಬೇಕು. ಅದು ಹರಾಜಿನಲ್ಲಿ ಸಿಗುವ ಸೊತ್ತಲ್ಲ. ಅದಕ್ಕೆ ಪೌಂಡಿನಲ್ಲಾಗಲಿ ರೂಪಾಯಿಯಲ್ಲಾಗಲಿ ಬೆಲೆ ಕಟ್ಟಿದವರಿಲ್ಲ. ಅದಿಲ್ಲದೆ ಉಳಿದುದನ್ನೆಲ್ಲ ಕೊಂಡರೂ ಕೊನೆಗೆ ನಮಗೆ ಉಳಿಯುವುದು ಬೀದಿಗಿಡಲು ಒಂದು ಹೆಸರು ಮಾತ್ರ.